ಹದಿನೇಳನೇ ನಂಬರಿನ ಡಬ್ಬಿ

ಜೂಜುವಾಡಿಗೆ ಬಂದು ಬೋರಯ್ಯನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಬೋರಯ್ಯ ಎನ್ನುತ್ತಾರೆ. ಚೆಕಿಂಗ್ ಬೋರಯ್ಯ ಎಂದರೆ ಬಾಗಿಲವರೆಗೂ ಬಂದು ತೋರಿಸುತ್ತಾರೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಯಾರಾದ ಮಾಲನ್ನು ಅಳೆದು ನೋಡಿ, ಪಾಸು ಇಲ್ಲವೇ ರಿಜೆಕ್ಟ್ ಎಂದು ಮುದ್ರೆ ಒತ್ತಿ ನಿವೃತ್ತನಾದ ಮನುಷ್ಯ. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ಹಾಲಿನವನು ಹಾಲು ಅಳೆದರೆ ಇವನು ಅಳತೆಪಾವಿನ ತಳ ನೋಡುತ್ತಿದ್ದ. ಯಾರಾದರೂ ಮದುವೆಗೆ ಕರೆದರೆ, ಇಷ್ಟು ದಿನ ಇಲ್ಲದ ಪ್ರೀತಿ ಈಗೇಕೆ ಬಂತು ಎನ್ನುತ್ತಿದ್ದ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಿರಿಯರು ಇವನ ಮುಖ ನೋಡಿಯೇ ಮಾಡಿರಬೇಕು.

ಹೆಂಡತಿ ಹನುಮಕ್ಕ ಇದಕ್ಕೆ ತದ್ವಿರುದ್ಧ. ಕನಕಪುರದ ಕಡೆಯ ಹಳ್ಳಿಯಿಂದ ಇವನ ಹಿಂದೆ ಬಂದು ಮೂವತ್ತನಾಲ್ಕು ವರ್ಷವಾಗಿತ್ತು. ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಅವಳಿಗೆ ಎಲ್ಲರೂ ಒಳ್ಳೆಯವರೇ. ಒಂದು ಮನೆಗೆ ಒಂದು ಅನುಮಾನದ ಪಿಶಾಚಿ ಸಾಕು ಎಂದು ಗಂಡನ ಎದುರೇ ಹೇಳಿ ನಗುತ್ತಿದ್ದಳು.

ಅಂಥವಳ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಯಿತು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶವೇ ಸರಿಯಾಗಿ ಇರಲಿಲ್ಲ. ಏನು ಚುಚ್ಚಿತೋ, ಯಾವಾಗ ಚುಚ್ಚಿತೋ ತಿಳಿಯಲಿಲ್ಲ. ತಿಳಿದ ಮೇಲೂ ಏಳು ತಿಂಗಳು ಮಾಯಲಿಲ್ಲ. ಹೊಸೂರಿನ ಆಸ್ಪತ್ರೆಯ ಡಾಕ್ಟರ್ ಮಾಲಿನಿ ಸುತ್ತಿಬಳಸದೆ ಹೇಳಿದರು.

“ಇನ್ನೆರಡು ಮೂರು ತಿಂಗಳಲ್ಲಿ ವಾಸಿಯಾಗದಿದ್ದರೆ ಬೆರಳು ತೆಗೀಬೇಕಾಗುತ್ತೆ ಅಮ್ಮ. ಬೆರಳಿಗೇ ನಿಲ್ಲುತ್ತೆ ಅಂತಲೂ ಹೇಳೋಕಾಗಲ್ಲ. ಇಂಥ ಹುಣ್ಣಿಗೆ ಒಂದು ಹೊಸ ಪಟ್ಟಿ ಬಂದಿದೆ. ಅದರ ಸಂಶೋಧನೆ ನಮ್ಮ ಆಸ್ಪತ್ರೆಯಲ್ಲೂ ನಡೀತಿದೆ. ಸೇರ್ಕೋತೀರಾ?”

ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೋರಯ್ಯ ಕುರ್ಚಿಯ ತುದಿಗೆ ಬಂದು ಕೂತ.

ಡಾಕ್ಟರ್ ಮಾಲಿನಿ ಹೊಸೂರಿನವರೇ, ಮೂರು ತಲೆಮಾರಿನ ಮೇಷ್ಟ್ರ ಮನೆತನ. ಪಾಠ ಹೇಳುವ ಗುಣ ರಕ್ತದಲ್ಲೇ ಇತ್ತು. ಮೈಯೊಳಗಿನ ಜೀವಕೋಶಗಳು ಒಂದಕ್ಕೊಂದು ಸಮಾಚಾರ ಕಳಿಸುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಆ ಸಮಾಚಾರ ತುಂಬಿರುತ್ತದೆ ಎಂದರು. ಇಲ್ಲಿ ಗಾಯವಾಗಿದೆ, ಬಂದು ಚರ್ಮ ಕಟ್ಟಿ ಎಂಬ ಸಮಾಚಾರ ಸಕ್ಕರೆ ಕಾಯಿಲೆಯವರಲ್ಲಿ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಅಂಥ ಗುಳ್ಳೆಗಳನ್ನು ಬೇರೆ ಕಡೆ ಬೆಳೆಸಿ, ಕಡಲ ಪಾಚಿಯಿಂದ ಮಾಡಿದ ತೆಳು ಹಾಳೆಯಲ್ಲಿ ಕೂರಿಸಿ ಒಣಗಿಸಿದ್ದಾರೆ. ಹುಣ್ಣಿನ ಮೇಲಿಟ್ಟು ಉಪ್ಪುನೀರು ಬಿಟ್ಟರೆ ಹಾಳೆ ಲೋಳೆಯಾಗಿ, ಗುಳ್ಳೆಗಳನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ.

“ಯಾರ ಮೈಯಿಂದ ತೆಗ್ದಿದ್ದು ಇದು?” ಬೋರಯ್ಯ ಕೇಳಿದ.

“ಹೆರಿಗೆ ಆದಾಗ ಹೊಕ್ಕುಳಬಳ್ಳಿ ದಾನ ಕೊಟ್ಟಿರ್ತಾರೆ. ಅದರ ಜೀವಕೋಶಗಳನ್ನು ಬೆಳೆಸಿ ತೆಗೆದಿದ್ದು.”

“ಯಾರ್ದೋ ಮಗೀನ ಹೊಕ್ಳುಬಳ್ಳೀನ ತಂದು ನನ್ ಹೆಂಡ್ರು ಕಾಲಿಗೆ ಕಟ್ಟಾದಾ?”

“ನೀವ್ ಸುಮ್ಕಿರಿ,” ಎಂದಳು ಹನುಮಕ್ಕ. ಅವಳು ಆಗಲೇ ಒಪ್ಪಿಯಾಗಿತ್ತು.

ಡಾಕ್ಟರು ಮುಂದುವರಿಸಿದರು. ಸೇರಿದವರಲ್ಲಿ ಅರ್ಧ ಜನರಿಗೆ ಹೊಸ ಪಟ್ಟಿ, ಅರ್ಧ ಜನರಿಗೆ ಮಾಮೂಲಿ ಬಟ್ಟೆಯ ಪಟ್ಟಿ. ಯಾರಿಗೆ ಯಾವುದು ಎಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಹದಿನೈದು ದಿನಕ್ಕೊಂದು ಡಬ್ಬಿ, ಮೇಲೆ ಬರೀ ನಂಬರು. ಮನೆಯಲ್ಲೇ ಪಟ್ಟಿ ಬದಲಿಸಬೇಕು. ಆಸ್ಪತ್ರೆಗೆ ಬರುವ ದಿನ ಅದನ್ನು ಬಿಚ್ಚಿ, ತೊಳೆದು, ಬರೀ ಬಟ್ಟೆ ಸುತ್ತಿಕೊಂಡು ಬರಬೇಕು. ಒಳಗೆ ಯಾವುದಿತ್ತು ಎಂದು ತಮಗೆ ಮಾತ್ರ ಹೇಳಬಾರದು.

“ಅಂದ್ರೆ ನೀವು ಏನು ಕೊಡ್ತಿದೀರಾ ಅಂತ ನಿಮಗೇ ಗೊತ್ತಿಲ್ವಾ?”

“ಗೊತ್ತಿರಬಾರದು ಬೋರಯ್ಯನವರೇ. ಗೊತ್ತಿದ್ದರೆ ಹುಣ್ಣು ನೋಡೋ ಕಣ್ಣು ಒಂದು ಕಡೆಗೆ ವಾಲುತ್ತೆ. ಬೇಡ ಅನ್ನಿಸಿದ ದಿನ ನೀವು ಬಿಟ್ಟುಬಿಡಬಹುದು, ಯಾರೂ ಕೇಳಲ್ಲ.”

ಒಪ್ಪಿಗೆ ಪತ್ರ ತಮಿಳಿನಲ್ಲಿತ್ತು. ಬೋರಯ್ಯನಿಗೆ ತಮಿಳು ಮಾತಾಡುವುದು ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಬಾರದು. “ಓದಕ್ಕೆ ಬರ್ದೆ ಇರೋ ಕಾಗದಕ್ಕೆ ಸೈನು ಹಾಕ್ಸಕ್ಕೆ ನೋಡ್ತಾವ್ರೆ” ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಡಾಕ್ಟರು ಮೇಜಿನ ಖಾನೆ ಎಳೆದು ಕನ್ನಡದ ಪ್ರತಿ ಕೊಟ್ಟರು. ಅದರಿಂದ ಅವನ ಅನುಮಾನ ಇಮ್ಮಡಿಯಾಯಿತು. ಕನ್ನಡದವರೇ ಬಂದು ಬೀಳುತ್ತಾರೆ ಎಂದು ಇವರಿಗೆ ಮೊದಲೇ ಹೇಗೆ ಗೊತ್ತು? ಇಷ್ಟು ತಯಾರಿ ಯಾಕೆ?

ಹನುಮಕ್ಕ ಸಹಿ ಹಾಕಿದಳು. ಅವಳಿಗೆ ಹದಿನೇಳನೇ ನಂಬರಿನ ಡಬ್ಬಿ ಬಂತು. ಮನೆಗೆ ಹೋಗಿ ಬಿಚ್ಚಿದರೆ ಒಣಗಿದ ಹಪ್ಪಳದಂಥ ಹಾಳೆಗಳು, ಒಂದು ಬಾಟಲಿ ಉಪ್ಪುನೀರು. ಕಂಪ್ಯೂಟರು ಅವಳ ಹೆಸರಿಗೆ ಹೊಸ ಪಟ್ಟಿಯನ್ನೇ ಎತ್ತಿತ್ತು.

ಎರಡು ದಿನಕ್ಕೊಮ್ಮೆ ಬೋರಯ್ಯನೇ ಪಟ್ಟಿ ಬದಲಿಸುತ್ತಿದ್ದ. ಬಿಚ್ಚಿದಾಗಲೆಲ್ಲ ಹಳದಿ ಲೋಳೆ ಜಾರಿ ಬರುತ್ತಿತ್ತು. ಕಾರ್ಖಾನೆಯಿಂದ ಉಳಿಸಿಕೊಂಡಿದ್ದ, ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ತೆಗೆದು ಹುಣ್ಣಿನ ಅಂಚಿನಿಂದ ಅಂಚಿಗೆ ಚರ್ಮ ಮುಟ್ಟಿಸದೆ ಹಿಡಿದು ಅಳೆದ. ಮೊದಲ ದಿನ ಇಪ್ಪತ್ತೆರಡು ಮಿಲಿಮೀಟರ್. ಹದಿನೈದನೇ ದಿನ ಇಪ್ಪತ್ತಾರು.

“ದೊಡ್ಡದಾಯ್ತಾ ಐತೆ,” ಎಂದ.

“ಆಗ್ಲಿ ಬುಡಿ. ಕಾಲೆಲ್ಲ ಉರೀತಿತ್ತಲ್ಲ, ಆ ಉರಿ ಈಗ ಇಲ್ಲ. ಹಾಯಾಗದೆ.”

“ನಿಂಗೆ ಏನು ಗೊತ್ತಾಯ್ತದೆ? ಕಾಲು ಕುಯ್ದ್ರೂ ಗೊತ್ತಾಗಲ್ಲ ನಿಂಗೆ.”

ಡಾಕ್ಟರ್ ಮಾಲಿನಿಯ ಮುಂದೆ ಅಳತೆ ಹೇಳಿದಾಗ ಅವರು ಗಾಬರಿಯಾಗಲಿಲ್ಲ. ಸತ್ತ ಮಾಂಸ ಕರಗಿ ಹೋಗುವಾಗ ಮೊದಲಿಗೆ ಹುಣ್ಣು ಅಗಲವಾಗಿ ಕಾಣುವುದುಂಟು, ತಳ ಕೆಂಪಗಿದೆ, ಅದು ಒಳ್ಳೆಯದು ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡ ಬೋರಯ್ಯ. ಇಪ್ಪತ್ತೆರಡು ಇಪ್ಪತ್ತಾರಾಗುವುದು ಒಳ್ಳೆಯದಾದರೆ, ಅವನು ಮೂವತ್ತೊಂದು ವರ್ಷ ಅಳೆದದ್ದೆಲ್ಲ ಸುಳ್ಳು.

ಅದೇ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಾಟ್ರಾಂಪಾಳ್ಯದ ಚಿಕ್ಕತಾಯಮ್ಮ ಕೂತಿದ್ದಳು. ರಾಗಿ ಹೊಲದಲ್ಲಿ ಮುಳ್ಳು ತುಳಿದು ಹಿಮ್ಮಡಿ ಹುಣ್ಣಾದವಳು, ಅವಳಿಗೂ ಸಕ್ಕರೆ. ಗಂಡ ಇಲ್ಲ. ಬೆಳಗಿನ ಜಾವವೇ ಹೊರಟು, ಅಂಚೆಟ್ಟಿಯಲ್ಲೊಮ್ಮೆ ಡೆಂಕಣಿಕೋಟೆಯಲ್ಲೊಮ್ಮೆ ಬಸ್ಸು ಬದಲಿಸಿ ಒಬ್ಬಳೇ ಕುಂಟಿಕೊಂಡು ಬರುತ್ತಿದ್ದಳು. ಬಂದ ಮೊದಲ ದಿನವೇ ಹನುಮಕ್ಕನನ್ನು ಅಕ್ಕ, ಬೋರಯ್ಯನನ್ನು ಅಣ್ಣ ಎನ್ನತೊಡಗಿದ್ದಳು. ಅವಳದು ಹದಿನೆಂಟನೇ ನಂಬರು, ಬರೀ ಬಟ್ಟೆಯ ಪಟ್ಟಿ. ಅವಳ ಹುಣ್ಣಿನಲ್ಲಿ ಲೋಳೆಯಿಲ್ಲ, ಕೀವಿಲ್ಲ, ಮೇಲೆ ಹೆಕ್ಕಳ ಕಟ್ಟಿ ಒಣಗಿತ್ತು. ಬೋರಯ್ಯ ಬಗ್ಗಿ ಬಗ್ಗಿ ನೋಡಿದ.

ಸಂಜೆ ಗಡಿಯ ಹತ್ತಿರ ಟೀ ಅಂಗಡಿ ಇಟ್ಟಿರುವ ಮುನಿಶಾಮಪ್ಪನ ಮುಂದೆ ಎಲ್ಲ ಹೇಳಿಕೊಂಡ. ಮುನಿಶಾಮಪ್ಪನಿಗೆ ಲೋಕದಲ್ಲಿ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

“ಇಲಿ ಮ್ಯಾಲೆ ಆಯ್ತು, ಮೊಲದ ಮ್ಯಾಲೆ ಆಯ್ತು, ಈಗ ನಿನ್ ಹೆಂಡ್ರು ಮ್ಯಾಲೆ ಕಣ್ಲಾ ಬೋರ. ಬಿಟ್ಟಿ ಕೊಡ್ತಾರೆ ಅಂದ್ಮ್ಯಾಲೆ ಇನ್ನೇನ್ಲಾ?”

ಮನೆಗೆ ಬಂದವನೇ ಇದನ್ನು ಬಿಟ್ಟುಬಿಡೋಣ ಎಂದ. ಹನುಮಕ್ಕ ಖಡಾಖಂಡಿತವಾಗಿ ಅಡ್ಡ ಬಂದಳು. ಡಾಕ್ಟ್ರಮ್ಮನಿಗೆ ಮಾತು ಕೊಟ್ಟಿದ್ದೇನೆ, ಉರಿ ನಿಂತಿದೆ, ಬಿಡುವುದಿಲ್ಲ ಎಂದಳು. ಬೋರಯ್ಯ ಆಯ್ತು ಬಿಡು ಎಂದು ವರ್ನಿಯರ್ ಎತ್ತಿಟ್ಟ. ಆದರೆ ಅನುಮಾನದ ಮನುಷ್ಯ ಸುಮ್ಮನಾದ ಎಂದರೆ ಒಳಗೆ ಏನೋ ಕುದಿಯುತ್ತಿದೆ ಎಂದೇ ಅರ್ಥ.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಅಕ್ಕಪಕ್ಕದ ಎರಡು ಮಿಷನ್ನುಗಳಲ್ಲಿ ಒಂದು ಕೆಟ್ಟ ಮಾಲು ಕೊಡುತ್ತಿದೆ, ತಪ್ಪು ಮಿಷನ್ನಿನದೋ ಒಳಗೆ ಕೂರಿಸಿದ ಡೈ ಎಂಬ ಅಚ್ಚಿನದೋ ಗೊತ್ತಾಗುತ್ತಿಲ್ಲ. ಆಗ ಇದರ ಡೈ ಅದಕ್ಕೆ ಹಾಕಬೇಕು, ಅದರದ್ದು ಇದಕ್ಕೆ. ಕೆಟ್ಟ ಮಾಲು ಯಾವ ಡೈ ಹಿಂದೆ ಹೋಗುತ್ತದೋ ಅದೇ ಕಳ್ಳ. ಈ ಉಪಾಯದಿಂದ ಬೋರಯ್ಯ ಎಂಜಿನಿಯರುಗಳ ಬಾಯಿ ಮುಚ್ಚಿಸಿದ್ದುಂಟು, ಒಂದು ಸಲ ಎಲ್ಲರೆದುರು ಚಪ್ಪಾಳೆ ಹೊಡೆಸಿಕೊಂಡದ್ದೂ ಉಂಟು. ಇಬ್ಬರು ಹೆಂಗಸರು, ಎರಡು ಡಬ್ಬಿ. ಅವನಿಗೆ ದಾರಿ ಹೊಳೆಯಿತು.

ಮುಂದಿನ ಡಬ್ಬಿ ಕೊಡುವ ದಿನ ಔಷಧಿ ಕೌಂಟರಿನಲ್ಲಿ ಉದ್ದನೆಯ ಸಾಲು. “ಕೂತ್ಕಳಮ್ಮ ತಾಯಮ್ಮ, ನಿಂದೂ ನಾನೇ ತತ್ತೀನಿ” ಎಂದು ಅವಳ ಚೀಟಿಯನ್ನೂ ಇಸಿದುಕೊಂಡು ಹೋದ. ಡಬ್ಬಿಗಳೆರಡೂ ಕೈಗೆ ಬಂದ ಮೇಲೆ ಬೈಕು ನಿಲ್ಲಿಸುವ ಜಾಗಕ್ಕೆ ಹೋಗಿ, ಬ್ಲೇಡಿನಲ್ಲಿ ನಂಬರಿನ ಚೀಟಿ ಎಬ್ಬಿಸಿ, ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟಿಸಿದ. ಹೊಸ ನಂಬರು ಹಳೆಯದರಷ್ಟೇ ನೆಟ್ಟಗೆ ಕೂತಿತ್ತು.

“ಈ ಸಲ ಬೇರೆ ತರದ್ದು ಕೊಟ್ಟವ್ರೆ,” ಎಂದು ಇಬ್ಬರಿಗೂ ಹೇಳಿದ. ಚಿಕ್ಕತಾಯಮ್ಮನಿಗೆ ಹಾಳೆಯ ಮೇಲೆ ಉಪ್ಪುನೀರು ಹೇಗೆ ಬಿಡಬೇಕು ಎಂದೂ ಹೇಳಿಕೊಟ್ಟ. “ಡಾಕ್ಟ್ರಮ್ಮಂಗೆ ಏನೂ ಹೇಳ್ಬ್ಯಾಡ. ಹೇಳಬಾರ್ದು ಅಂತ ಅವ್ರೇ ಹೇಳವ್ರಲ್ಲ.”

“ಆಗ್ಲಣ್ಣ,” ಎಂದಳು ಚಿಕ್ಕತಾಯಮ್ಮ. ಹನುಮಕ್ಕ ಯಾಕೆ ಬೇರೆ ಎಂದೂ ಕೇಳಲಿಲ್ಲ. ಗಂಡ ಹೇಳಿದ ಮೇಲೆ ಮುಗಿಯಿತು.

ಹದಿನೈದು ದಿನ ಕಳೆಯಿತು. ಹನುಮಕ್ಕನ ಹುಣ್ಣು ಒಣಗಿತು. ಮೇಲೆ ಗಟ್ಟಿ ಹೆಕ್ಕಳ ಬಂತು. ಇಪ್ಪತ್ತಾರು ಇದ್ದದ್ದು ಹತ್ತೊಂಬತ್ತಕ್ಕೆ ಇಳಿಯಿತು. ಅತ್ತ ಚಿಕ್ಕತಾಯಮ್ಮನ ಹಿಮ್ಮಡಿ ಒದ್ದೆಯಾಗಿ, ಹೆಕ್ಕಳ ಕರಗಿ, ಹುಣ್ಣು ಬಾಯಿ ಬಿಟ್ಟಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ಬೋರಯ್ಯ ಹಿಗ್ಗಿದ. ಆ ಬಾಯಿ ಬಿಟ್ಟ ಹಿಮ್ಮಡಿಯಿಂದ ಬೇಗ ಕಣ್ಣು ತಿರುಗಿಸಿಕೊಂಡದ್ದೂ ನಿಜ. ಆದರೆ ಒಂದು ಸಲದ ಅಳತೆ ಪರೀಕ್ಷೆಯಲ್ಲ, ಎರಡನೇ ಸಲವೂ ಹೀಗೇ ಬಂದರೆ ಗಟ್ಟಿ ಪುರಾವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೈಕು ನಿಲ್ಲಿಸುವ ಜಾಗಕ್ಕೆ ಹೋಗಿ ಮತ್ತೆ ಚೀಟಿ ಬದಲಿಸಿದ.

ಡಾಕ್ಟರ್ ಮಾಲಿನಿಗೆ ಮಾತ್ರ ಹನುಮಕ್ಕನ ಕಾಲು ಸಮಾಧಾನ ಕೊಡಲಿಲ್ಲ. ಮೇಲೆ ಒಣಗಿದರೆ ಸಾಲದು, ಒಳಗೆ ಹೇಗಿದೆಯೋ ನೋಡಬೇಕು ಎಂದು ಹೆಕ್ಕಳ ಕೆರೆದು ತೆಗೆದರು. ವಾರಕ್ಕೆ ಮತ್ತೆ ಕರೆದುಕೊಂಡು ಬನ್ನಿ, ಇನ್ನೊಮ್ಮೆ ಕೆರೆಯಬೇಕು ಎಂದರು. ಬೋರಯ್ಯ ಕರೆದುಕೊಂಡು ಹೋಗಲಿಲ್ಲ. ತಾನಾಗಿ ಮುಚ್ಚುತ್ತಿರುವ ಗಾಯವನ್ನು ಕೆರೆಯುವವಳು ಎಂಥ ಡಾಕ್ಟರು? ತನ್ನ ಹೊಸ ಪಟ್ಟಿಯಿಲ್ಲದೆ ವಾಸಿಯಾದರೆ ಅವಳಿಗೇ ನಷ್ಟವಲ್ಲವೇ?

ಡಬ್ಬಿ ಅದಲುಬದಲಾದ ಮೂರನೇ ವಾರ ಹೆಕ್ಕಳ ಕಪ್ಪಾಯಿತು. ನಾಲ್ಕನೇ ವಾರ ಹನುಮಕ್ಕನಿಗೆ ಚಳಿಜ್ವರ ಬಂತು. ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಂಡು, ಹತ್ತಿರ ಕೂತರೆ ವಾಸನೆ ಬರುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರು ಹೆಕ್ಕಳ ಎಬ್ಬಿಸಿದರೆ ಕೆಳಗೆ ಕೀವು ತುಂಬಿತ್ತು. ಎಕ್ಸ್‌ರೇ ನೋಡಿ, ಮೂಳೆಗೂ ಹತ್ತಿದೆ, ನಾಳೆ ಬೆಳಿಗ್ಗೆಯೇ ಬೆರಳು ತೆಗೆಯಬೇಕು, ತಡಮಾಡಿದರೆ ಪಾದವೂ ಉಳಿಯುವುದಿಲ್ಲ ಎಂದರು.

ವಾರ್ಡಿನಿಂದ ಹೊರಗೆ ಬಂದರೆ ಬೆಂಚಿನ ಮೇಲೆ ಚಿಕ್ಕತಾಯಮ್ಮ. ಅಂದು ಅವಳು ಬರುವ ದಿನವೇ ಆಗಿತ್ತು. ಇವನನ್ನು ಕಂಡವಳೇ ಎದ್ದು ಬಂದಳು, ಕುಂಟದೆ.

“ನೋಡಣ್ಣ, ನೋಡಣ್ಣ,” ಎಂದು ಹಿಮ್ಮಡಿ ತಿರುಗಿಸಿ ತೋರಿಸಿದಳು. ಹುಣ್ಣಿದ್ದ ಜಾಗದಲ್ಲಿ ಎಳೆಯ ಚರ್ಮ ಕೂಡಿಕೊಂಡಿತ್ತು. “ಮೊದಮೊದ್ಲು ಬಾಯಿ ಬುಟ್ಕಂಡು ಹೆದ್ರುಸ್ಬುಡ್ತು. ಆಮ್ಯಾಕೆ ದಿನದಿನಕ್ಕೂ ಕೂಡ್ಕತಾ ಬಂತು. ಡಾಕ್ಟ್ರಮ್ಮ ಇನ್ನು ಪಟ್ಟಿ ಬ್ಯಾಡ ಅಂದ್ರು. ಅಕ್ಕ ಎಲ್ಲಣ್ಣ?”

ಬೋರಯ್ಯನಿಗೆ ಅವಳ ಮುಖ ನೋಡಲಾಗಲಿಲ್ಲ. ಒಳಗವ್ಳೆ ಎಂದಷ್ಟೇ ಹೇಳಿ ನಲ್ಲಿಯ ಕಡೆಗೆ ಹೋಗಿ, ಅವಳು ಹೋಗುವವರೆಗೂ ಕೈ ತೊಳೆಯುತ್ತಾ ನಿಂತ.

ಮಧ್ಯಾಹ್ನ ಜ್ವರ ಇಳಿದು ಹನುಮಕ್ಕ ಕಣ್ಣು ಬಿಟ್ಟಳು. ಗಂಡನ ಮುಖ ನೋಡಿ ಅವಳೇ ಸಮಾಧಾನಕ್ಕಿಳಿದಳು.

“ಹೋದ್ರೆ ಒಂದ್ ಬೆರಳು ಹೋಗ್ಲಿ ಬುಡಿ. ಮಿಷನ್ನಿಗೆ ಮೋಟ್ರು ಹಾಕ್ಸಿದ್ರಾಯ್ತು. ಅವ್ರು ಕೊಟ್ಟ ಯಾವ ಪಟ್ಟೀನೂ ನನ್ ಮೈಗೆ ಹಿಡೀಲಿಲ್ಲ, ಅಷ್ಟೇಯ. ಪಾಪ, ಡಾಕ್ಟ್ರಮ್ಮ ಎಷ್ಟು ಕಷ್ಟಪಟ್ರು.”

ಬೈದಿದ್ದರೆ ಬೋರಯ್ಯ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ವರ್ನಿಯರ್, ಮುನಿಶಾಮಪ್ಪ, ಬ್ಲೇಡು, ಎರಡು ಸಲ ಬದಲಿಸಿದ ಚೀಟಿ, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಅತ್ತ. ಹನುಮಕ್ಕ ಅಳಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡಳು.

“ಅದು ಕೆಟ್ಟದ್ದು ಅಂದ್ಕಂಡು ತಾನೆ ನನ್ನಿಂದ ತೆಗ್ದಿದ್ದು?”

“ಹೂಂ.”

“ಕೆಟ್ಟದ್ದು ಅಂದ್ಕಂಡಿದ್ದನ್ನ ತಾಯಮ್ಮಂಗೆ ಕೊಟ್ರಾ?”

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಬೋರಯ್ಯ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಲೋಕದ ಮಾಲನ್ನೆಲ್ಲ ತಿರುಗಿಸಿ ನೋಡಿದವನು ತನ್ನನ್ನು ಮಾತ್ರ ನೋಡದೆಯೇ ಪಾಸು ಮಾಡಿಕೊಂಡಿದ್ದ.

“ಆಯಮ್ಮ ಬಾಯ್ತುಂಬ ಅಣ್ಣ ಅಂತಿದ್ಲು,” ಎಂದಳು ಹನುಮಕ್ಕ. “ಹೋಗಿ, ಡಾಕ್ಟ್ರಮ್ಮಂಗೆ ಹೇಳಿ. ಹೇಳ್ದೆ ಇದ್ರೆ, ಹೊಸಾ ಪಟ್ಟಿ ಕಟ್ಟಿದ್ಕೇ ಇವಳ ಬೆರಳು ಹೋಯ್ತು ಅಂತ ಬರ್ಕತಾರೆ. ನಾಳೆ ಯಾವಳೋ ಪುಣ್ಯಾತ್ಗಿತ್ತಿಗೆ ಅದು ಸಿಗ್ದಂಗೆ ಆಯ್ತದೆ.”

“ಪೊಲೀಸು ಗಿಲೀಸು ಅಂದ್ರೆ?”

“ಅಂದ್ರೆ ಅನ್ಲಿ.”

ಡಾಕ್ಟರ್ ಮಾಲಿನಿ ಊಟದ ಡಬ್ಬಿ ಮುಚ್ಚಿಟ್ಟು ಪೂರ್ತಿ ಕೇಳಿದರು. ಮುಖ ಕೆಂಪಾಗಿತ್ತು, ದನಿ ಏರಲಿಲ್ಲ. ಯಾವ ತಾರೀಕು, ಎಷ್ಟು ಡಬ್ಬಿ ಎಂದು ಕೇಳಿ ಬರೆದುಕೊಂಡರು. ತಾರೀಕುಗಳು ಬೋರಯ್ಯನ ಬಾಯಲ್ಲೇ ಇದ್ದವು.

“ಆಯಮ್ಮನಿಗೆ ಏನಾದ್ರೂ ಆಗಿದ್ದರೆ ಏನು ಮಾಡ್ತಿದ್ರಿ? ಅವರಿಗೂ ನೀವೇ ಹೇಳಬೇಕು, ನನ್ನ ಎದುರಿಗೇ.”

“ಹೇಳ್ತೀನಮ್ಮ. ಒಂದು ಕೇಳ್ಲಾ? ಇವಳ ಬೆರಳು ನನ್ನಿಂದ್ಲೇ ಹೋಗ್ತಾ ಇರಾದಾ?”

“ಗೊತ್ತಿಲ್ಲ. ಹೊಸ ಪಟ್ಟಿಯಲ್ಲೇ ಇದ್ದಿದ್ದರೂ ಹೋಗ್ತಿತ್ತೇನೋ. ಆ ವಾರ ಕೆರೆಸೋಕೆ ಕರ್ಕೊಂಡು ಬಂದಿದ್ದರೆ ಉಳೀತಿತ್ತೇನೋ. ಒಬ್ಬರ ಕಾಲು ನೋಡಿ, ಇಬ್ಬರ ಕಾಲು ನೋಡಿ ಇದು ಹೇಳೋಕೆ ಬರಲ್ಲ ಬೋರಯ್ಯನವರೇ. ಅದಕ್ಕೇ ಇನ್ನೂರು ಜನರನ್ನ ಸೇರಿಸಿರೋದು.”

“ಹಂಗಾದ್ರೆ ಇವರಿಬ್ರ ಹೆಸರು ಹೊಡ್ದಾಕ್ಬುಡಿ.”

“ಆಗಲ್ಲ. ಕಂಪ್ಯೂಟರು ಯಾರ ಹೆಸರಿಗೆ ಯಾವುದನ್ನ ಎತ್ತಿತ್ತೋ ಆ ಗುಂಪಿನಲ್ಲೇ ಎಣಿಸಬೇಕು. ಇಲ್ಲದಿದ್ದರೆ ತಮಗೆ ಬೇಡದ ಹೆಸರನ್ನೆಲ್ಲ ಎಲ್ಲರೂ ಹೊಡೆದುಹಾಕ್ತಾರೆ. ಡಬ್ಬಿ ಅದಲುಬದಲಾಗಿತ್ತು ಅಂತ ಪಕ್ಕದಲ್ಲಿ ಬರೀತೀನಿ. ಆದರೆ ಎಣಿಕೆಯಲ್ಲಿ ಹೊಸ ಪಟ್ಟಿಯವರಲ್ಲಿ ಒಬ್ಬರ ಬೆರಳು ಹೋಯ್ತು, ಮಾಮೂಲಿ ಪಟ್ಟಿಯವರಲ್ಲಿ ಒಬ್ಬರಿಗೆ ವಾಸಿಯಾಯ್ತು ಅಂತಲೇ ಇರುತ್ತೆ.”

ಇದನ್ನು ಬೋರಯ್ಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳ್ಳೆಯ ಮಾಲಿರಬಹುದಾದ್ದರ ಮೇಲೆ ತನ್ನ ಕೈಯಾರೆ ರಿಜೆಕ್ಟ್ ಮುದ್ರೆ ಒ‌ತ್ತಿಬಿಟ್ಟಿದ್ದ. ಅದನ್ನು ಅಳಿಸುವ ದಾರಿ ಅವನಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ವಾರ್ಡಿಗೆ ಮರಳಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ.

“ಹೇಳ್ದೆ,” ಎಂದ.

“ಎಲ್ಲಾನೂ?”

“ಎಲ್ಲಾನೂ.”

ಹನುಮಕ್ಕ ತಲೆ ತಿರುಗಿಸಿ ಅವನ ಮುಖವನ್ನು ನೋಡಿದಳು. ಹಣೆಯಿಂದ ಗಲ್ಲದವರೆಗೆ, ನಿಧಾನವಾಗಿ. ಮೂವತ್ತನಾಲ್ಕು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಬೋರಯ್ಯನಿಗೆ ಆ ನೋಟದ ಗುರುತು ಹತ್ತಿತು, ಅದು ಮಾಲು ಅಳೆಯುವ ತನ್ನದೇ ನೋಟ.

“ಡಾಕ್ಟ್ರಮ್ಮನ್ನ ಒಂದ್ಕಿತ ಇಲ್ಲಿಗೆ ಕರೀರಿ,” ಎಂದಳು. “ಅವ್ರ ಬಾಯಿಂದ್ಲೇ ಕೇಳ್ತೀನಿ.”

“ನನ್ ಮಾತು ನಂಬಲ್ವೇನೆ?”

“ಇಲ್ಲ,” ಎಂದಳು ಹನುಮಕ್ಕ.

ಬೋರಯ್ಯ ಸ್ಟೂಲಿನಿಂದ ಎದ್ದು ಡಾಕ್ಟರನ್ನು ಕರೆಯಲು ಹೋದ.